ಚಳಿಗೆ ಬೆರಳು ಸೋತರೆ, ಸಂಜೆಗೆ ರೆಪ್ಪೆ ಬಿದ್ದರೆ

ನರ ಮತ್ತು ಸ್ನಾಯುವಿನ ಕಾಯಿಲೆಗಳ ಬಗ್ಗೆ ಮಡಿಕೇರಿಯಲ್ಲಿ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ತೋಟದ ಮನೆಗಳವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿಸಿದ್ದೇನೆ. ಸಭೆಯಿಂದ ಬಂದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಾಫಿ ಕೊಯ್ಲಿನ ಸಮಯ. ಆಳು ಸಿಗುವುದೇ ಕಷ್ಟ ಅನ್ನುವಾಗ ಇಷ್ಟು ಜನ ಬಿಡುವು ಮಾಡಿಕೊಂಡು ಬಂದಿದ್ದೀರಿ. ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಕೈಕಾಲಿನಲ್ಲಿ ಶಕ್ತಿ ಇಲ್ಲ ಅಂತ ನರರೋಗ ತಜ್ಞರ ಹತ್ತಿರ ಬರುವವರ ಕೈಯಲ್ಲಿ ಸಾಮಾನ್ಯವಾಗಿ ದಪ್ಪ ಫೈಲ್ ಇರುತ್ತದೆ. ಸ್ಕ್ಯಾನ್ ಇರುತ್ತದೆ, ರಕ್ತ ಪರೀಕ್ಷೆ ಇರುತ್ತದೆ, ವಿಟಮಿನ್ ಮಾತ್ರೆಯ ಚೀಟಿಗಳಿರುತ್ತವೆ. ಆದರೆ ಯಾವ ಕೆಲಸದಲ್ಲಿ ಶಕ್ತಿ ಮೊದಲು ಕೈಕೊಟ್ಟಿತು, ದಿನದ ಯಾವ ಹೊತ್ತಿನಲ್ಲಿ ತೊಂದರೆ ಜಾಸ್ತಿ, ಮಳೆಗಾಲದಲ್ಲಿ ಹೇಗಿರುತ್ತದೆ, ಮನೆಯಲ್ಲಿ ಇನ್ನು ಯಾರಿಗಾದರೂ ಹೀಗಿತ್ತಾ, ಇದ್ದರೆ ಯಾರ ಕಡೆಯವರಿಗೆ? ಇದನ್ನು ಯಾರೂ ಬರೆದಿಟ್ಟಿರುವುದಿಲ್ಲ. ನರ–ಸ್ನಾಯು ಕಾಯಿಲೆಗಳ ದೊಡ್ಡ ಸಂಶೋಧನೆಗಳೆಲ್ಲ ಹೆಚ್ಚುಕಮ್ಮಿ ಇಂಥ ಸಣ್ಣ ವಿವರಗಳಿಂದಲೇ ಶುರುವಾದವು. ಆ ವಿವರ ಸಿಗುವುದು ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ, ತೋಟದಲ್ಲಿ. ನಿಮ್ಮನ್ನೇ ಹುಡುಕಿಕೊಂಡು ಬಂದು ಮಾತಾಡುತ್ತಿರುವುದು ಅದಕ್ಕೆ.

ಮೊದಲು ಒಂದು ಕೈ ನೋಡೋಣ.

18–19 ವರ್ಷದ ಹುಡುಗ. ಹಾಕಿ ಆಡುತ್ತಾನೆ ಅಂದುಕೊಳ್ಳಿ, ಕೊಡಗಿನಲ್ಲಿ ಅದು ದೊಡ್ಡ ಊಹೆ ಏನಲ್ಲ. ಬಲಗೈಯಲ್ಲಿ ಸ್ಟಿಕ್ ಹಿಡಿತ ಸಡಿಲವಾಗುತ್ತಿದೆ. ಬೆಳಗಿನ ಚಳಿಯಲ್ಲಿ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಬೈಕಿನ ಕೀ ತಿರುಗಿಸಲು ಎಡಗೈ ಬೇಕು. ಬಿಸಿಲು ಏರಿದ ಮೇಲೆ, ಅಥವಾ ಒಲೆ ಮುಂದೆ ಸ್ವಲ್ಪ ಹೊತ್ತು ಕೂತರೆ, ಬೆರಳುಗಳು ಮತ್ತೆ ಮಾತು ಕೇಳುತ್ತವೆ. ನೋವಿಲ್ಲ. ಜೋಮು ಕೂಡ ಇಲ್ಲ. ಕೈ ತಿರುಗಿಸಿ ನೋಡಿದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಗುಳಿ ಬಿದ್ದಿದೆ. ಮುಂಗೈ ಕಿರುಬೆರಳಿನ ಕಡೆ ಸೊರಗಿದೆ. ಆದರೆ ಹೆಬ್ಬೆರಳಿನ ಕಡೆ, ಮೊಣಕೈಯಿಂದ ಇಳಿಯುವ ಸ್ನಾಯು ಮಾತ್ರ ಮೊದಲಿನ ಹಾಗೇ ತುಂಬಿಕೊಂಡಿದೆ. ಬೆರಳು ಚಾಚು ಅಂದರೆ ಸಣ್ಣಗೆ ಅದುರುತ್ತವೆ.

ಮನೆಯವರು ಮೊಬೈಲಿನಲ್ಲಿ ಹುಡುಕುತ್ತಾರೆ. ಮೋಟಾರ್ ನ್ಯೂರಾನ್ ಡಿಸೀಸ್ ಅಂತ ಬರುತ್ತದೆ. ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳೇ ಸಾಯುವ ಕಾಯಿಲೆ ಅದು. ಒಂದು ಕಡೆ ಶುರುವಾಗಿ ಇಡೀ ಮೈಗೆ ಹರಡುತ್ತದೆ, ಕೊನೆಗೆ ನುಂಗುವುದು, ಉಸಿರಾಡುವುದು ಎಲ್ಲಕ್ಕೂ ಬರುತ್ತದೆ. ಇದನ್ನು ಓದಿದ ರಾತ್ರಿ ಆ ಮನೆಯಲ್ಲಿ ಯಾರೂ ನಿದ್ದೆ ಮಾಡುವುದಿಲ್ಲ.

ಆದರೆ ಈ ಹುಡುಗನದು ಆ ಕಾಯಿಲೆ ಅಲ್ಲ. ಅಷ್ಟು ಧೈರ್ಯದಿಂದ ಹೇಳಲು ನಮಗೆ ಸಾಧ್ಯವಾಗಿರುವುದು ಕೆಲವರು ತಾಳ್ಮೆಯಿಂದ ಮಾಡಿದ ಕೆಲಸದಿಂದ. ಜಪಾನಿನ ಕೈಜೋ ಹಿರಾಯಾಮಾ 1959ರಲ್ಲೇ ಇಂಥ ಹುಡುಗರನ್ನು ಗುರುತಿಸಿ ಬರೆದಿದ್ದರು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಅವರು ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1984ರಲ್ಲಿ ತಮ್ಮ ಸಹೋದ್ಯೋಗಿಗಳ ಜೊತೆ ಅದನ್ನು ಪ್ರಕಟಿಸಿ ಮೋನೋಮೆಲಿಕ್ ಅಮಯೋಟ್ರಫಿ ಅಂತ ಕರೆದರು. ಆ ಹೆಸರು ಇವತ್ತು ಪ್ರಪಂಚದಾದ್ಯಂತ ಪಠ್ಯಪುಸ್ತಕಗಳಲ್ಲಿದೆ. ಅವರು ಮುಂದೆ ನಿಮ್ಹಾನ್ಸ್‌ನ ನಿರ್ದೇಶಕಿಯೂ ಆದರು.

ಅವರ ಕೆಲಸದಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವುದು ಹೆಸರಿಟ್ಟಿದ್ದಲ್ಲ, ಕಾದು ನೋಡಿದ್ದು. ರೋಗಿಗಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸಿ ನೋಡಿದಾಗ ಗೊತ್ತಾಗಿದ್ದು ಇಷ್ಟು: ಈ ಸೊರಗುವಿಕೆ ಕೆಲವು ವರ್ಷ ನಿಧಾನವಾಗಿ ಹೆಚ್ಚುತ್ತದೆ, ಆಮೇಲೆ ನಿಂತುಬಿಡುತ್ತದೆ. ಹೆಚ್ಚಿನವರಲ್ಲಿ 5 ವರ್ಷದೊಳಗೆ ನಿಲ್ಲುತ್ತದೆ. ಕರಗಿದ ಮಾಂಸ ವಾಪಸ್ ಬರುವುದಿಲ್ಲ, ನಿಜ. ಆದರೆ ಹುಡುಗ ದುಡಿಯುತ್ತಾನೆ, ಮದುವೆ ಆಗುತ್ತಾನೆ, ತೋಟ ನೋಡಿಕೊಳ್ಳುತ್ತಾನೆ. ಯಾವ ಔಷಧಿಯನ್ನೂ ಕಂಡುಹಿಡಿಯದೆ, ಬರೀ ಕಾದು ನೋಡಿ, ಬರೆದಿಟ್ಟು, ಒಬ್ಬ ವೈದ್ಯೆ ಎಷ್ಟು ಮನೆಗಳ ಭಯ ಇಳಿಸಿದರು ನೋಡಿ. ಸಂಶೋಧನೆ ಅಂದರೆ ಹೊಸ ಇಂಜೆಕ್ಷನ್ ಮಾತ್ರ ಅಂತ ತಿಳಿದವರಿಗೆ ನಾನು ಯಾವಾಗಲೂ ಈ ಉದಾಹರಣೆಯನ್ನೇ ಕೊಡುತ್ತೇನೆ.

ಕಾರಣದ ಬಗ್ಗೆ ಎರಡು ಮಾತು. ಬೆನ್ನುಹುರಿಯ ಸುತ್ತ ಒಂದು ಗಟ್ಟಿ ಪೊರೆ ಇದೆ. ಹುಡುಗರು ಸರಸರ ಎತ್ತರ ಬೆಳೆಯುವ ವಯಸ್ಸಿನಲ್ಲಿ ಕೆಲವರಲ್ಲಿ ಕತ್ತಿನ ಮೂಳೆ ಬೆಳೆದಷ್ಟು ಈ ಪೊರೆ ಬೆಳೆಯುವುದಿಲ್ಲ. ಕತ್ತು ಬಗ್ಗಿಸಿದಾಗಲೆಲ್ಲ ಪೊರೆಯ ಹಿಂಬದಿ ಮುಂದಕ್ಕೆ ಸರಿದು ಬೆನ್ನುಹುರಿಯನ್ನು ಒತ್ತುತ್ತದೆ. ಕೈಬೆರಳಿಗೆ ಆಜ್ಞೆ ಕೊಡುವ ಕೋಶಗಳಿರುವುದು ಅಲ್ಲೇ. ಅವು ಒಂದೊಂದಾಗಿ ಹಾಳಾಗುತ್ತವೆ. ಬೆಳವಣಿಗೆ ಮುಗಿದಾಗ ಒತ್ತಡ ಕಮ್ಮಿಯಾಗುತ್ತದೆ. ಹಾಗಾಗಿ ಕಾಯಿಲೆ ತಾನಾಗಿ ನಿಲ್ಲುತ್ತದೆ ಅನ್ನುವುದು ಹೆಚ್ಚು ಜನ ಒಪ್ಪಿರುವ ವಿವರಣೆ. ಇದು ಕೈಗೆ ಬರುವ ಬಗೆಗೆ ಮಾತ್ರ, ಕಾಲಿನದಕ್ಕೆ ಹೊಂದುವುದಿಲ್ಲ. ಇಲ್ಲೊಂದು ಉಪಯೋಗದ ಮಾತಿದೆ. ನೆಟ್ಟಗೆ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಇದು ಕಾಣದೇ ಹೋಗಬಹುದು. ಕತ್ತು ಬಗ್ಗಿಸಿದ ಭಂಗಿಯಲ್ಲೂ ತೆಗೆಯಬೇಕು. ಬೇಗ ಗೊತ್ತಾದರೆ ಕಾಲರ್ ಹಾಕಿ ಕತ್ತು ಬಗ್ಗದ ಹಾಗೆ ನೋಡಿಕೊಂಡು ಹಾನಿ ಕಮ್ಮಿ ಮಾಡಲು ಪ್ರಯತ್ನಿಸುತ್ತೇವೆ. ಚಳಿಗೆ ಬೆರಳು ಸೋಲುತ್ತದೆ ಅಂತ ತಾಯಿ ಹೇಳಿದ ಒಂದು ಮಾತು ಆ ಸ್ಕ್ಯಾನನ್ನು ಸರಿಯಾಗಿ ತೆಗೆಸುತ್ತದೆ.

ದಕ್ಷಿಣ ಭಾರತದವರಾಗಿ ನಾವು ತಿಳಿದಿರಬೇಕಾದ ಇನ್ನೊಂದು ಬಗೆ ಇದೆ. 1970ರಲ್ಲಿ ಮದ್ರಾಸಿನ ವೈದ್ಯರು ಮೊದಲು ವಿವರಿಸಿದ್ದರಿಂದ ಅದಕ್ಕೆ ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್ ಅಂತಲೇ ಹೆಸರು. ಚಿಕ್ಕ ವಯಸ್ಸಿನಲ್ಲಿ ಕೈಕಾಲು ಸೊರಗುತ್ತದೆ, ಜೊತೆಗೆ ಕಿವಿ ಮಂದವಾಗುತ್ತದೆ. ತುಂಬಾ ನಿಧಾನವಾಗಿ ನಡೆಯುವ ಕಾಯಿಲೆ. ಕೈ ಸೊರಗಿದ ಮಗುವಿನ ಕಿವಿಯ ಬಗ್ಗೆಯೂ ಕೇಳಬೇಕು ಅನ್ನುವಷ್ಟು ನೆನಪಿಟ್ಟುಕೊಂಡರೆ ಸಾಕು.

ಚಳಿಗೆ ಸೋಲುವ ಕೈ ನೋಡಿದೆವು. ಈಗ ತಣ್ಣಗಾದರೆ ಸುಧಾರಿಸುವ ಕಾಯಿಲೆಯೊಂದನ್ನು ನೋಡೋಣ.

ದಯವಿಟ್ಟು ಎಲ್ಲರೂ ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಎತ್ತಿ ಆ ಛಾವಣಿಯ ಫ್ಯಾನ್ ನೋಡಿ. ಹಾಗೇ ಒಂದು ನಿಮಿಷ ಇರಿ. ಬೇಜಾರಾಗುತ್ತದೆ, ಆದರೆ ಯಾರ ರೆಪ್ಪೆಯೂ ಕೆಳಗೆ ಇಳಿಯುತ್ತಿಲ್ಲ, ಅಲ್ವಾ? ಮಯಸ್ತೇನಿಯಾ ಗ್ರೇವಿಸ್ ಇರುವವರು ಹೀಗೆ ನೋಡಿದರೆ ರೆಪ್ಪೆ ಮೆಲ್ಲಮೆಲ್ಲಗೆ ಜಾರಿ ಕಣ್ಣು ಅರ್ಧ ಮುಚ್ಚುತ್ತದೆ. ಬೆಳಗ್ಗೆ ಚೆನ್ನಾಗಿಯೇ ಇರುತ್ತಾರೆ. ಸಂಜೆಗೆ ರೆಪ್ಪೆ ಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಊಟದ ಮೊದಲ ತುತ್ತು ಸರಿಯಾಗಿ ಅಗಿಯುತ್ತಾರೆ, ಕೊನೆಯ ತುತ್ತಿಗೆ ದವಡೆ ಸೋತು ಕೈಯಿಂದ ಗಲ್ಲ ಹಿಡಿದುಕೊಳ್ಳುತ್ತಾರೆ. ಫೋನಿನಲ್ಲಿ ಮಾತು ಶುರು ಮಾಡಿದಾಗ ದನಿ ಸ್ಪಷ್ಟ, ಹತ್ತು ನಿಮಿಷಕ್ಕೆ ಮೂಗಿನಿಂದ ಬಂದ ಹಾಗೆ. ಮಲಗಿ ಎದ್ದರೆ ಮತ್ತೆ ಸರಿ. ಬೆಳಗ್ಗೆ ಹತ್ತು ಗಂಟೆಗೆ ಡಾಕ್ಟರ್ ನೋಡಿದಾಗ ಏನೂ ಕಾಣುವುದಿಲ್ಲ. ಹಾಗಾಗಿ ಇವರಿಗೆ, ಅದರಲ್ಲೂ ಹೆಂಗಸರಿಗೆ, ಮನಸ್ಸಿನ ತೊಂದರೆ ಅಂತ ಹೇಳಿ ಕಳಿಸಿದ ಉದಾಹರಣೆಗಳು ಬಹಳ. ಇದು ನನಗೆ ನಿಜವಾಗಲೂ ಸಂಕಟ ಕೊಡುವ ವಿಷಯ. ಸಂಜೆ ತೆಗೆದ ಒಂದು ಫೋಟೊ, ಬೆಳಗ್ಗೆ ತೆಗೆದ ಒಂದು ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿ. ಅರ್ಧ ಕೆಲಸ ಆದ ಹಾಗೆ.

ಬಿದ್ದ ರೆಪ್ಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಎರಡು ನಿಮಿಷ ಇಟ್ಟು ತೆಗೆದರೆ ರೆಪ್ಪೆ ಮೇಲೇಳುತ್ತದೆ. ಇದು ನಾವು ಕ್ಲಿನಿಕ್‌ನಲ್ಲಿ ಮಾಡುವ ಪರೀಕ್ಷೆ. ಎದುರಿಗೇ, ಕಣ್ಣು ತೆರೆಯುತ್ತದೆ. ಅದನ್ನು ನೋಡಿದ ಮನೆಯವರ ಮುಖ ಮರೆಯುವಂಥದ್ದಲ್ಲ.

ಯಾಕೆ ಹೀಗೆ? ಇಲ್ಲಿ ಸ್ವಲ್ಪ ನಿಧಾನ ಹೋಗೋಣ, ಯಾಕೆಂದರೆ ಹಾವಿನ ವಿಷ, ತೋಟದ ಕೀಟನಾಶಕ, ಈ ಕಾಯಿಲೆ ಮೂರೂ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೆ.

ನರ ಸ್ನಾಯುವಿಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಒಂದು ಸಂದು ಇದೆ. ಅಗಲ ಒಂದು ಮಿಲಿಮೀಟರಿನ ಸುಮಾರು 20 ಸಾವಿರದ ಒಂದು ಪಾಲು. ಕಾವೇರಿಯ ದೋಣಿ ಕಡವು ನೆನಪು ಮಾಡಿಕೊಳ್ಳಿ. ಈ ದಡದಲ್ಲಿ ನರ, ಆ ದಡದಲ್ಲಿ ಸ್ನಾಯು. ಸುದ್ದಿ ತೆಗೆದುಕೊಂಡು ಹೋಗುವ ದೋಣಿಯ ಹೆಸರು ಅಸಿಟೈಲ್‌ಕೋಲಿನ್. ಆ ದಡದಲ್ಲಿ ದೋಣಿ ನಿಲ್ಲಲು ಮೆಟ್ಟಿಲುಗಳಿವೆ, ಅವು ರಿಸೆಪ್ಟರ್‌ಗಳು. ಸುದ್ದಿ ಮುಟ್ಟಿದ ಮೇಲೆ ದೋಣಿಗಳನ್ನು ತೆರವು ಮಾಡುವ ಒಂದು ಕಿಣ್ವವೂ ಅಲ್ಲೇ ಇದೆ. ಮಯಸ್ತೇನಿಯಾದಲ್ಲಿ ಆ ದಡದ ಮೆಟ್ಟಿಲುಗಳು ಕುಸಿದಿರುತ್ತವೆ. ಮೊದಲ ಕೆಲವು ಸುದ್ದಿ ಹೇಗೋ ಮುಟ್ಟುತ್ತದೆ. ಮೇಲಿಂದ ಮೇಲೆ ಕಳಿಸಿದರೆ ಮುಟ್ಟುವುದಿಲ್ಲ. ಸ್ನಾಯು ಸೋಲುತ್ತದೆ. ತಂಪಿಗೆ ಆ ಕಿಣ್ವದ ಕೆಲಸ ನಿಧಾನವಾಗುತ್ತದೆ, ದೋಣಿಗಳು ಇನ್ನಷ್ಟು ಹೊತ್ತು ಉಳಿಯುತ್ತವೆ. ಐಸ್ ಇಟ್ಟರೆ ರೆಪ್ಪೆ ಏಳುವುದಕ್ಕೆ ಅದೊಂದು ಕಾರಣ.

ಇದನ್ನೆಲ್ಲ ಒಬ್ಬರೇ ಕಂಡುಹಿಡಿದದ್ದಲ್ಲ. 1934ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿದ್ದ ಸೇಂಟ್ ಆಲ್ಫೀಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಅಂತ ಒಬ್ಬ ವೈದ್ಯೆ ಇದ್ದರು. ದೊಡ್ಡ ಪ್ರಯೋಗಾಲಯ ಇಲ್ಲದ, ಬಡವರಿಗೆಂದೇ ಶುರುವಾಗಿದ್ದ ಆಸ್ಪತ್ರೆ. ಮಯಸ್ತೇನಿಯಾ ರೋಗಿಗಳ ಸೋಲು ದಕ್ಷಿಣ ಅಮೆರಿಕದ ಬಾಣದ ವಿಷ ಕ್ಯುರಾರೆಯಿಂದ ಆಗುವ ಸೋಲಿನ ಹಾಗೇ ಇದೆಯಲ್ಲ ಅಂತ ಅವರಿಗೆ ಅನ್ನಿಸಿತು. ಕ್ಯುರಾರೆಗೆ ಪ್ರತಿಯಾದ ಔಷಧಿ ಫೈಸೋಸ್ಟಿಗ್ಮಿನ್. ಅದನ್ನೇ ಒಬ್ಬ ರೋಗಿಗೆ ಕೊಟ್ಟು ನೋಡಿದರು. ಬಿದ್ದಿದ್ದ ರೆಪ್ಪೆ ಎದ್ದಿತು. ಕೆಲವು ಗಂಟೆಗಳಲ್ಲಿ ಮತ್ತೆ ಬಿತ್ತು. ಅವತ್ತಿನವರೆಗೆ ಯಾವ ಚಿಕಿತ್ಸೆಯೂ ಇಲ್ಲದ ಕಾಯಿಲೆಗೆ ಅದು ಮೊದಲ ಬೆಳಕು. ಇವತ್ತು ನಮ್ಮ ರೋಗಿಗಳು ದಿನಕ್ಕೆ ಮೂರು ನಾಲ್ಕು ಬಾರಿ ತೆಗೆದುಕೊಳ್ಳುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಅದೇ ಮನೆತನದ್ದು.

ಆದರೆ ಮೆಟ್ಟಿಲು ಕುಸಿದಿದೆ ಅಂತ ಗೊತ್ತಾಗಲು ಇನ್ನೂ ಸುಮಾರು 40 ವರ್ಷ ಬೇಕಾಯಿತು. ಅದನ್ನು ತೋರಿಸಿಕೊಟ್ಟಿದ್ದು ಹಾವು. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು 1963ರಲ್ಲಿ ಅಲ್ಲಿಯ ಪಟ್ಟೆ ಕಟ್ಟುಹಾವಿನ ವಿಷದಿಂದ ಬಂಗಾರೋಟಾಕ್ಸಿನ್ ಬೇರ್ಪಡಿಸಿದರು. ಅದರ ಒಂದು ಬಗೆ ಸ್ನಾಯುವಿನ ರಿಸೆಪ್ಟರ್ ಮೇಲೆ ಕೂತರೆ ಬಿಡುವುದೇ ಇಲ್ಲ. ಅಂದರೆ ವಿಷಕ್ಕೆ ವಿಕಿರಣದ ಗುರುತು ಹಚ್ಚಿದರೆ ರಿಸೆಪ್ಟರ್‌ಗಳನ್ನು ಎಣಿಸಬಹುದು! 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ನರರೋಗ ತಜ್ಞ ಡೇನಿಯಲ್ ಡ್ರಾಕ್‌ಮನ್, ಫ್ಯಾಂಬ್ರೋ ಮತ್ತು ಸತ್ಯಮೂರ್ತಿ ಎಂಬವರ ಜೊತೆ ಸೇರಿ ರೋಗಿಗಳ ಸ್ನಾಯುವಿನಲ್ಲಿ ಹೀಗೆ ಎಣಿಸಿದರು. ಆರೋಗ್ಯವಂತರಲ್ಲಿ ಇರುವುದರ ಶೇಕಡ 11ರಿಂದ 30ರಷ್ಟು ಮಾತ್ರ ಸಿಕ್ಕಿತು. ಅದೇ ವರ್ಷ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬಿಬ್ಬರು ವಿದ್ಯುತ್ ಈಲ್ ಮೀನಿನ ರಿಸೆಪ್ಟರ್ ತೆಗೆದು ಮೊಲಗಳಿಗೆ ಚುಚ್ಚಿದರು. ಮೊಲದ ಮೈ ಅದರ ವಿರುದ್ಧ ಪ್ರತಿಕಾಯ ತಯಾರಿಸಿತು, ಮೊಲಗಳು ಸೋತು ಕುಸಿದವು. ಆ ಪ್ರತಿಕಾಯಗಳು ಮೊಲದ ಸ್ವಂತ ರಿಸೆಪ್ಟರ್‌ಗಳ ಮೇಲೂ ಎರಗಿದ್ದವು. ಮಯಸ್ತೇನಿಯಾದ ಗುಟ್ಟು ಬಯಲಾಯಿತು. ನಮ್ಮ ಮೈಯ ರಕ್ಷಣಾ ವ್ಯವಸ್ಥೆಯೇ ನಮ್ಮ ರಿಸೆಪ್ಟರ್‌ಗಳನ್ನು ಕೆಡವುತ್ತಿದೆ. ಆಮೇಲೆ ಆ ದಾಳಿಯನ್ನು ತಗ್ಗಿಸುವ ಸ್ಟೀರಾಯ್ಡ್, ಅಜಾಥಯೋಪ್ರಿನ್ ಔಷಧಿಗಳು, ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಎಲ್ಲಕ್ಕೂ ಗಟ್ಟಿ ಆಧಾರ ಸಿಕ್ಕಿತು. ಎದೆಯಲ್ಲಿರುವ ಥೈಮಸ್ ಗ್ರಂಥಿ ತೆಗೆಯುವ ಶಸ್ತ್ರಚಿಕಿತ್ಸೆ ಮೊದಲಿಂದಲೂ ಇತ್ತು. ಅದರಿಂದ ನಿಜವಾಗಲೂ ಲಾಭ ಇದೆ ಅಂತ 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಇವತ್ತು ಮಯಸ್ತೇನಿಯಾ ಇರುವ ಹೆಚ್ಚಿನವರು ಔಷಧಿ ತೆಗೆದುಕೊಂಡು ಎಲ್ಲರ ಹಾಗೆ ಬದುಕುತ್ತಾರೆ.

ಹಾವಿನ ಮಾತು ಬಂದಿದೆ, ಹೇಳದೆ ಮುಂದೆ ಹೋಗಲಾರೆ. ಕಟ್ಟುಹಾವು ರಾತ್ರಿ ಮನೆಯೊಳಗೆ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಜಾಸ್ತಿ. ಕಚ್ಚಿದ ಗುರುತು ಕಾಣದೇ ಇರಬಹುದು, ನೋವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಆಮೇಲೆ ರೆಪ್ಪೆ ಬೀಳುತ್ತದೆ, ಎಂಜಲು ನುಂಗಲು ಆಗುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರು ಇದನ್ನು ದಯವಿಟ್ಟು ಬರೆದುಕೊಳ್ಳಿ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಗ್ಗೆ ರೆಪ್ಪೆ ಎತ್ತಲಾರದಿದ್ದರೆ, ಹಾವು ಯಾರಿಗೂ ಕಾಣದಿದ್ದರೂ ಕೂಡಲೇ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಕಳಿಸಿ. ಈ ವಿಷ ದೋಣಿಗಳು ಹೊರಡುವ ದಡವನ್ನೇ ಹಾಳು ಮಾಡುತ್ತದೆ. ರೋಗಿ ಅಲ್ಲಾಡುವುದಿಲ್ಲ, ಕಣ್ಣಪಾಪೆಯೂ ಬೆಳಕಿಗೆ ಕಿರಿದಾಗದಿರಬಹುದು. ನೋಡಿದವರು ಹೋಗಿಬಿಟ್ಟರು ಅಂದುಕೊಳ್ಳುತ್ತಾರೆ. ಆದರೆ ಅವರಿಗೆ ಎಲ್ಲ ಕೇಳಿಸುತ್ತಿರಬಹುದು. ಉಸಿರಾಟಕ್ಕೆ ಯಂತ್ರದ ಆಸರೆ ಕೊಟ್ಟು ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಕಾದರೆ ನರದ ತುದಿ ಮತ್ತೆ ಚಿಗುರುತ್ತದೆ. ಎದ್ದು ನಡೆದು ಮನೆಗೆ ಹೋಗುತ್ತಾರೆ. ಹಾಗಾಗಿ ಆಸೆ ಬಿಡಬೇಡಿ, ಹಾಸಿಗೆ ಪಕ್ಕ ನಿಂತು ಕೆಟ್ಟ ಮಾತೂ ಆಡಬೇಡಿ.

ತೋಟದಲ್ಲಿ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಔಷಧಿಗಳದು ಇನ್ನೊಂದು ಕತೆ. ಅವು ದೋಣಿ ತೆರವು ಮಾಡುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಬೆವರು, ಜೊಲ್ಲು, ವಾಂತಿ, ಸಣ್ಣಗಾದ ಕಣ್ಣಪಾಪೆ – ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆಮೇಲೆ ಬರುವುದು. ಶ್ರೀಲಂಕಾದ ನರರೋಗ ತಜ್ಞ ನಿಮಲ್ ಸೇನನಾಯಕೆ ಮತ್ತು ಕರಳ್ಳಿಯದ್ದೆ 1987ರಲ್ಲಿ ಇದನ್ನು ವಿವರಿಸಿದರು. ವಿಷ ಮೈಯೊಳಗೆ ಹೋದ ಒಂದರಿಂದ ನಾಲ್ಕು ದಿನಗಳ ನಡುವೆ, ಎಲ್ಲ ಸರಿಯಾಯಿತು ಅನ್ನುವಾಗ, ರೋಗಿಗೆ ದಿಂಬಿನಿಂದ ತಲೆ ಎತ್ತಲು ಆಗುವುದಿಲ್ಲ. ಅದರ ಹಿಂದೆಯೇ ಉಸಿರಾಟ ಸೋಲುತ್ತದೆ. ಅದಕ್ಕೇ ಸುಧಾರಿಸಿದರು ಅಂತ ಎರಡನೇ ದಿನವೇ ಹಟ ಮಾಡಿ ಮನೆಗೆ ಕರೆದುಕೊಂಡು ಹೋಗಬೇಡಿ. ನಮ್ಮ ಹಾಗೇ ಹಳ್ಳಿ, ತೋಟ, ಬೇಸಾಯ ಇರುವ ಪಕ್ಕದ ದೇಶದಲ್ಲಿ, ವಾರ್ಡಿನಲ್ಲಿ ನಿಂತು ಕತ್ತು ಎತ್ತಿಸಿ ನೋಡಿ ಕಂಡುಕೊಂಡ ಸತ್ಯ ಇದು.

ಈಗ ಮನೆತನದ ವಿಷಯಕ್ಕೆ ಬರೋಣ. ಕೊಡಗಿನಲ್ಲಿ ಇದನ್ನು ಬೇರೆ ಕಡೆಗಿಂತ ಸ್ವಲ್ಪ ಬೇರೆ ಥರ ಹೇಳಬೇಕು.

ಮೂರು ನಾಲ್ಕು ವರ್ಷದ ಗಂಡುಮಗು. ನಡೆಯುವುದು ತಡವಾಯಿತು. ಓಡಲು ಬರುವುದಿಲ್ಲ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಾನೆ. ನೆಲದಿಂದ ಏಳುವಾಗ ನೋಡಿ: ಮೊದಲು ಕೈಕಾಲು ಊರಿ ಬಗ್ಗುತ್ತಾನೆ, ಆಮೇಲೆ ಕೈಯನ್ನು ಮೊಣಕಾಲಿನ ಮೇಲಿಟ್ಟು, ತೊಡೆಯ ಮೇಲಿಟ್ಟು, ತನ್ನ ಮೈಯನ್ನೇ ಹತ್ತಿಕೊಂಡು ನಿಲ್ಲುತ್ತಾನೆ. 1879ರಲ್ಲಿ ಇದನ್ನು ಬಿಡಿಸಿ ಬರೆದ ಇಂಗ್ಲೆಂಡಿನ ನರರೋಗ ತಜ್ಞ ಗವರ್ಸ್ ಹೆಸರಲ್ಲೇ ಈ ಲಕ್ಷಣವನ್ನು ಕರೆಯುತ್ತೇವೆ. ಮೀನಖಂಡ ಮಾತ್ರ ದಪ್ಪ. ಗಟ್ಟಿಮುಟ್ಟಾದ ಕಾಲು ಅಂತ ಅಜ್ಜಿ ಖುಷಿಪಡುತ್ತಾಳೆ. ಇದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ. ಫ್ರಾನ್ಸಿನ ಡುಶೆನ್ 1860ರ ದಶಕದಲ್ಲಿ ವಿವರಿಸಿದ ಕಾಯಿಲೆ. ಸ್ನಾಯುಕೋಶದ ಹೊದಿಕೆಯನ್ನು ಗಟ್ಟಿಯಾಗಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇರುವುದಿಲ್ಲ. ಅದು ಗೊತ್ತಾಗಿದ್ದು 1987ರಲ್ಲಿ.

ಇಲ್ಲಿ ಮಕ್ಕಳ ವೈದ್ಯರ ಹತ್ತಿರವೂ, ಪೋಷಕರ ಹತ್ತಿರವೂ ನನ್ನದೊಂದು ಕೋರಿಕೆ. ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಜಾಸ್ತಿ ಬಂದರೆ ಎಲ್ಲರೂ ಲಿವರ್ ಅಂದುಕೊಳ್ಳುತ್ತಾರೆ. ಆ ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಕಾಮಾಲೆ ಇಲ್ಲದ, ಓಡಲು ಬಾರದ ಗಂಡುಮಗುವಿನಲ್ಲಿ ಅವು ಜಾಸ್ತಿ ಇದ್ದರೆ ಲಿವರಿಗೆ ಸೂಜಿ ಹಾಕುವ ಮೊದಲು ಸಿಪಿಕೆ ಮಾಡಿಸಿ. ಸ್ನಾಯು ಹಾಳಾದಾಗ ರಕ್ತಕ್ಕೆ ಸೇರುವ ಕಿಣ್ವವನ್ನು ಅಳೆಯುವ ಸಣ್ಣ ರಕ್ತ ಪರೀಕ್ಷೆ. ಡುಶೆನ್ ಇದ್ದರೆ ಅದು ಸಾವಿರಗಟ್ಟಲೆ ಬರುತ್ತದೆ. ಆಮೇಲೆ ಜೀನ್ ಪರೀಕ್ಷೆ ಮಾಡಿದರೆ ಹೆಚ್ಚಿನವರಲ್ಲಿ ಸ್ನಾಯುವಿನ ತುಂಡು ತೆಗೆಯುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಮನೆತನ. ಕೊಡವರಲ್ಲಿ ಒಕ್ಕ ಅಂದರೆ ಮನೆತನ ಇದೆ, ಅದರ ಮೂಲ ಮನೆಯಾದ ಐನ್‌ಮನೆ ಇದೆ. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರು ಬಿಡುವುದಿಲ್ಲ. ಏಳೆಂಟು ತಲೆಮಾರು ಹಿಂದಿನವರ ಹೆಸರು ಹೇಳುವ ಹಿರಿಯರು ಇಲ್ಲೇ ಕೂತಿದ್ದೀರಿ. ವಂಶದ ಕಾಯಿಲೆ ಹುಡುಕುವ ವೈದ್ಯರಿಗೆ ಇದಕ್ಕಿಂತ ದೊಡ್ಡ ಆಸ್ತಿ ಬೇಕಾ? ಆದರೆ ಒಕ್ಕ ನಡೆಯುವುದು ಅಪ್ಪನ ಕಡೆಯಿಂದ. ಡುಶೆನ್ ಕಾಯಿಲೆಯ ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್ ಮೇಲೆ. ಗಂಡುಮಗುವಿಗೆ ಆ ಕ್ರೋಮೋಸೋಮ್ ಬರುವುದು ಅಮ್ಮನಿಂದ ಮಾತ್ರ. ನಮ್ಮ ಒಕ್ಕದಲ್ಲಿ ಯಾರಿಗೂ ಇರಲಿಲ್ಲ ಅಂತ ಅಜ್ಜ ಹೇಳುವುದು ನೂರಕ್ಕೆ ನೂರು ಸತ್ಯ ಇರಬಹುದು. ನಮಗೆ ಬೇಕಾದ ಉತ್ತರ ಮಾತ್ರ ಅದರಲ್ಲಿ ಇರುವುದಿಲ್ಲ. ಕೇಳಬೇಕಾದ್ದು ಸೋದರಮಾವನ ಬಗ್ಗೆ, ಅಮ್ಮನ ಅಕ್ಕತಂಗಿಯರ ಗಂಡುಮಕ್ಕಳ ಬಗ್ಗೆ, ಅಜ್ಜಿಯ ಅಣ್ಣತಮ್ಮಂದಿರ ಬಗ್ಗೆ. ಚಿಕ್ಕಂದಿನಲ್ಲೇ ಕಾಲು ಹೋಗಿ ತೀರಿಕೊಂಡ ಹುಡುಗ ಯಾರಾದರೂ ಇದ್ದರಾ? ಆ ಹುಡುಗನ ಹೆಸರು ಬೇರೆ ಬೇರೆ ಒಕ್ಕಗಳಲ್ಲಿ ಹಂಚಿಹೋಗಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಹಿಂಬಾಲಿಸಿ ಬರೆದರೆ ಮಾತ್ರ ಸಿಗುತ್ತದೆ. ಇದನ್ನು ಬರೆಯಲು ಅಜ್ಜಿಯಂದಿರನ್ನು ಕೂರಿಸಿಕೊಳ್ಳಿ.

ಇದನ್ನು ಹೇಳುವಾಗ ನನಗೆ ಒಂದು ಭಯ ಇದೆ. ಅಮ್ಮನಿಂದ ಬರುತ್ತದೆ ಅಂದ ಕೂಡಲೇ ಸೊಸೆಯನ್ನು ಬೈಯುವ ಮನೆಗಳಿವೆ. ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಈ ಬದಲಾವಣೆ ಹೊಸದಾಗಿ ಆಗಿರುತ್ತದೆ, ಅಮ್ಮನಲ್ಲಿ ಇರುವುದೇ ಇಲ್ಲ. ಇದ್ದರೂ ಅದು ಆಕೆ ಮಾಡಿದ ತಪ್ಪಲ್ಲ. ಬೈದು ಏನೂ ಸಿಗದು. ಆಕೆಯ ತಂಗಿಯರಿಗೆ ಮಕ್ಕಳಾಗುವ ಮೊದಲು ಪರೀಕ್ಷೆ ಮಾಡಿಸಿದರೆ, ಆಕೆಯ ಹೃದಯವನ್ನು ಆಗಾಗ ನೋಡಿಸಿದರೆ ಏನಾದರೂ ಸಿಗುತ್ತದೆ.

ಚಿಕಿತ್ಸೆ? ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಆದರೆ ಸ್ಟೀರಾಯ್ಡ್ ಸರಿಯಾದ ಸಮಯಕ್ಕೆ ಕೊಟ್ಟರೆ ಮಗು ಇನ್ನೂ ಕೆಲವು ವರ್ಷ ನಡೆಯುತ್ತದೆ. ಹೃದಯ, ಉಸಿರಾಟ ನೋಡಿಕೊಂಡರೆ ಆಯುಸ್ಸು ಹೆಚ್ಚುತ್ತದೆ. ಹಿಂದೆ ಹದಿಹರೆಯ ದಾಟದಿದ್ದ ಹುಡುಗರು ಈಗ 20, 30 ದಾಟುತ್ತಿದ್ದಾರೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಅಂದರೆ ಮಕ್ಕಳಲ್ಲಿ ಬೆನ್ನುಹುರಿಯ ನರಕೋಶಗಳು ಹಾಳಾಗಿ ಸ್ನಾಯು ಸೊರಗುವ ವಂಶದ ಕಾಯಿಲೆಯಲ್ಲಿ ಇನ್ನೂ ಮುಂದೆ ಹೋಗಿದ್ದೇವೆ. 2016ರಿಂದ ಈಚೆಗೆ ಮೂರು ಔಷಧಿಗಳು ಬಂದಿವೆ. ಅದರಲ್ಲೊಂದನ್ನು 16 ಕೋಟಿಯ ಇಂಜೆಕ್ಷನ್ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಮಗುವಿಗೆ ಔಷಧಿ ಇದೆ, ಕೊಳ್ಳಲು ಆಗುವುದಿಲ್ಲ ಅನ್ನುವುದಕ್ಕಿಂತ ಕ್ರೂರವಾದದ್ದು ನನಗೆ ಗೊತ್ತಿಲ್ಲ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ಅದರಲ್ಲಿ ಗುರುತಿಸಿದ ಕಾಯಿಲೆಗಳಿಗೆ ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಸಾಕಾಗುವುದಿಲ್ಲ. ಆದರೂ ಅರ್ಜಿ ಹಾಕದೆ ಬಿಡಬೇಡಿ. ಮಸ್ಕ್ಯುಲರ್ ಡಿಸ್ಟ್ರಫಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಿ.

ದಿಢೀರ್ ಅಂತ ಬರುವ ಸೋಲಿನ ಬಗ್ಗೆ ಸ್ವಲ್ಪ ಹೇಳಿ ನಿಲ್ಲಿಸುತ್ತೇನೆ. ಮದುವೆಮನೆಯಲ್ಲಿ ಇಡೀ ದಿನ ಓಡಾಡಿ, ರಾತ್ರಿ ಕಡಂಬುಟ್ಟು (ಅಕ್ಕಿ ಕಡುಬು), ಪಾಯಸ ಗಡದ್ದಾಗಿ ಉಂಡು ಮಲಗಿದ ಯುವಕ ಬೆಳಗ್ಗೆ ಕಾಲು ಎತ್ತಲಾರ. ಗಾಬರಿ ಬೀಳಬೇಡಿ, ಆದರೆ ಆಸ್ಪತ್ರೆಗೆ ಹೋಗಿ. ರಕ್ತದ ಪೊಟ್ಯಾಸಿಯಂ ಇಳಿದಿರಬಹುದು. ಸರಿಪಡಿಸಿದರೆ ಕೆಲವು ಗಂಟೆಗಳಲ್ಲೇ ಎದ್ದು ನಡೆಯುತ್ತಾನೆ. ಥೈರಾಯ್ಡ್ ಪರೀಕ್ಷೆ ತಪ್ಪದೆ ಮಾಡಿಸಿ, ಅದು ಜಾಸ್ತಿ ಇದ್ದವರಲ್ಲೂ ಹೀಗಾಗುತ್ತದೆ. ಇನ್ನೊಂದು, ಭೇದಿಯೋ ಜ್ವರವೋ ಬಂದು ಹೋದ ಒಂದೆರಡು ವಾರಕ್ಕೆ ಪಾದದಿಂದ ಶುರುವಾಗಿ ದಿನದಿನಕ್ಕೆ ಮೇಲೇರುವ ಸೋಲು. ಗಿಲನ್ ಬಾರೆ ಸಿಂಡ್ರೋಮ್. 1916ರಲ್ಲಿ ಫ್ರಾನ್ಸಿನ ಸೇನಾ ವೈದ್ಯರು ವಿವರಿಸಿದ್ದು. ಇದರಲ್ಲಿ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಉಸಿರಾಟಕ್ಕೆ ಬರುವ ಮೊದಲು ಹೊರಡಬೇಕು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್ ಅನ್ನುವುದು ನೆನಪಿರಲಿ.

ಸಭೆಯಿಂದ ಬಂದ ಪ್ರಶ್ನೆಗಳು

ಸುಸ್ತಿಗೂ ನಿಜವಾದ ಸ್ನಾಯುದೌರ್ಬಲ್ಯಕ್ಕೂ ವ್ಯತ್ಯಾಸ ನಾವು ಮನೆ ಭೇಟಿಯಲ್ಲಿ ಹೇಗೆ ಗುರುತಿಸುವುದು? ಕೇಳಿದ್ದು ಒಬ್ಬ ಆಶಾ ಕಾರ್ಯಕರ್ತೆ.

ಕೆಲಸ ಮಾಡಿಸಿ ನೋಡಿ. ಕೈ ಊರದೆ ಚಿಕ್ಕ ಮಣೆಯಿಂದ ಏಳಲು ಹೇಳಿ. ಹಿಮ್ಮಡಿಯ ಮೇಲೆ ನಡೆಯಲಿ, ಆಮೇಲೆ ತುದಿಗಾಲಲ್ಲಿ. ಅಟ್ಟದ ಡಬ್ಬಿ ಇಳಿಸಲಿ. ಮಲಗಿ ದಿಂಬಿನಿಂದ ತಲೆ ಎತ್ತಲಿ. ಸುಸ್ತಾದವರು ಗೊಣಗಿಕೊಂಡಾದರೂ ಮಾಡುತ್ತಾರೆ. ಸ್ನಾಯು ಸೋತವರಿಗೆ ಆಗುವುದೇ ಇಲ್ಲ, ಅಥವಾ ಅಡ್ಡದಾರಿ ಹುಡುಕುತ್ತಾರೆ. ಮಣೆಯಿಂದ ಏಳಲು ಆಗದಿದ್ದರೆ ತೊಂದರೆ ಸೊಂಟದ ಸ್ನಾಯುವಿನಲ್ಲಿ. ಚಪ್ಪಲಿ ಕಾಲಿನಿಂದ ಜಾರುತ್ತಿದ್ದರೆ ಪಾದದ ಕಡೆ. ಅವರ ಅನುಮತಿ ಕೇಳಿ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ದೂರದ ಆಸ್ಪತ್ರೆಗೆ ಅದನ್ನೇ ತೆಗೆದುಕೊಂಡು ಹೋಗಲಿ.

ಮನೆಯಲ್ಲಿ ಒಬ್ಬರಿಗೆ ಮಯಸ್ತೇನಿಯಾ ಇದೆ, ಜ್ವರ ಬಂದರೆ ಹತ್ತಿರದ ಕ್ಲಿನಿಕ್‌ನಲ್ಲಿ ಔಷಧಿ ತೆಗೆದುಕೊಳ್ಳಬಹುದಾ ಅಂತ ಸುಂಟಿಕೊಪ್ಪದ ಕಡೆಯಿಂದ ಬಂದ ಒಬ್ಬರು ಕೇಳಿದರು.

ತೆಗೆದುಕೊಳ್ಳಿ, ಆದರೆ ಕಾಯಿಲೆಯ ಹೆಸರು ಹೇಳಿಯೇ ತೆಗೆದುಕೊಳ್ಳಿ. ಜೆಂಟಾಮೈಸಿನ್, ಅಮಿಕಾಸಿನ್, ಸಿಪ್ರೋಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್, ಅಜಿಥ್ರೋಮೈಸಿನ್, ಕ್ಲೋರೋಕ್ವಿನ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳು, ಮೆಗ್ನೀಸಿಯಂ ಇಂಜೆಕ್ಷನ್ – ಇವು ಸೋಲು ಹೆಚ್ಚಿಸಬಹುದು. ಪಟ್ಟಿಯನ್ನು ಒಂದು ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ಸುಮ್ನೆ ತಾವಾಗಿ ನಿಲ್ಲಿಸಬಾರದು. ನುಂಗಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ಬೇಡ, ನೇರ ದೊಡ್ಡ ಆಸ್ಪತ್ರೆಗೆ.

ಕೊನೆಯ ಪ್ರಶ್ನೆ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕರದು. ಅವರ ತರಗತಿಯಲ್ಲಿ ಡುಶೆನ್ ಇರುವ ಹುಡುಗ ಇದ್ದಾನೆ. ಆಟದ ಪೀರಿಯಡ್‌ನಲ್ಲಿ ಅವನನ್ನು ಏನು ಮಾಡಲಿ?

ಮೈದಾನಕ್ಕೆ ಕರೆದುಕೊಂಡು ಹೋಗಿ. ಕೂರಿಸಿಬಿಟ್ಟರೆ ಕೀಲುಗಳು ಬಿಗಿಯುತ್ತವೆ, ಮನಸ್ಸೂ ಕುಗ್ಗುತ್ತದೆ. ನಡೆಯುವುದು, ಚೆಂಡು ಎಸೆಯುವುದು, ಅನುಕೂಲ ಇದ್ದರೆ ಈಜು – ದಣಿಯುವಷ್ಟು ಬೇಡ. ಬಸ್ಕಿ, ಎತ್ತರದಿಂದ ಹಾರುವುದು, ಇಳಿಜಾರಿನಲ್ಲಿ ಓಡುವುದು ಬೇಡವೇ ಬೇಡ. ಸ್ನಾಯು ಹಿಗ್ಗುತ್ತಾ ಭಾರ ತಡೆಯುವ ಕೆಲಸದಲ್ಲೇ ಅವನ ಸ್ನಾಯುಕೋಶ ಹೆಚ್ಚು ಹರಿಯುವುದು. ನಮ್ಮ ಊರಿನ ಹಾದಿಗಳಲ್ಲಿ ಏರಿಗಿಂತ ಇಳಿಜಾರೇ ಅವನಿಗೆ ಕೆಟ್ಟದ್ದು. ಪಾದದ ಹಿಂಬದಿಯನ್ನು ದಿನಾ ಮೆಲ್ಲಗೆ ಎಳೆಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ, ಅಪ್ಪ ಅಮ್ಮ ಮಾಡಿಸಲಿ. ಚೀಲ ಹಗುರ ಇರಲಿ, ಒಂದು ಸೆಟ್ ಪುಸ್ತಕ ಶಾಲೆಯಲ್ಲೇ ಇಡಿ. ಟಾಯ್ಲೆಟ್‌ಗೆ ಹೋಗಲು ಯಾರ ಹತ್ತಿರವೂ ಅಂಗಲಾಚುವ ಹಾಗೆ ಆಗಬಾರದು. ಮತ್ತೆ, ನಿಮ್ಮ ತರಗತಿ ಮಾಳಿಗೆಯ ಮೇಲಿದ್ದರೆ ಈ ವಾರವೇ ಹೆಡ್‌ಮಾಸ್ಟರ್ ಜೊತೆ ಮಾತಾಡಿ ಕೆಳಗಿನ ಕೋಣೆಗೆ ಬದಲಾಯಿಸಿಕೊಳ್ಳಿ, ಅವನೊಬ್ಬನನ್ನಲ್ಲ, ಇಡೀ ತರಗತಿಯನ್ನು.